ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ತಲೆ ಸರಿಯಿತ್ತು, ಹುಟ್ಟಿದಾಗ ಚಿಕ್ಕದಿತ್ತು. ನಡುವೆ ಏನಾಯಿತು?

ಹೊಸದುರ್ಗದ ಚಿಕ್ಕಮ್ಮ

ಎಲ್ಲರಿಗೂ ನಮಸ್ಕಾರ. ಬಯಾಲಜಿ ಗೊತ್ತಿರುವವರು ಯಾರಾದರೂ ಇದನ್ನು ಬಿಡಿಸಿ ಹೇಳಿದರೆ ತುಂಬಾ ಉಪಕಾರವಾಗುತ್ತದೆ. ನಾನು ಬಿ.ಕಾಂ. ಓದಿದವಳು. ವಿಜ್ಞಾನ ಹತ್ತನೇ ಕ್ಲಾಸಿಗೇ ನಿಂತಿತು.

ನನ್ನ ಅಕ್ಕನ ಮಗ 2020ರ ಮಾರ್ಚ್‌ನಲ್ಲಿ ಹುಟ್ಟಿದ. ಆಗ ತಲೆಯ ಸುತ್ತಳತೆ 29.5 ಸೆಂ.ಮೀ. ಸಾಮಾನ್ಯವಾಗಿ 34-35 ಇರುತ್ತದಂತೆ. ಐದು ತುಂಬಿದಾಗ ಅಳೆದರೆ 43. ನಡೆಯುತ್ತಾನೆ, ಓಡುತ್ತಾನೆ. ನನ್ನ ಸ್ಕೂಟಿ ಸದ್ದು ಬೀದಿ ತುದಿಯಲ್ಲಿ ಕೇಳಿದರೆ ಸಾಕು, ಗೇಟಿಗೆ ಬಂದು ನಿಂತಿರುತ್ತಾನೆ. ಮಾತು ಮಾತ್ರ ಏಳೆಂಟು ಪದ ಅಷ್ಟೇ.

ಎಂಆರ್‌ಐ ಆಯಿತು. ಮಿದುಳು ಚಿಕ್ಕದು, ಮಡಿಕೆಗಳು ಕಡಿಮೆ, ಉಳಿದ ರಚನೆ ಸರಿಯಿದೆ ಅಂತ ಬರೆದಿದ್ದಾರೆ. ಹೋದ ತಿಂಗಳು ಜೀನ್ ಟೆಸ್ಟ್ ರಿಪೋರ್ಟ್ ಬಂತು. ಅದರಲ್ಲಿ ಎಎಸ್‌ಪಿಎಂ ಅನ್ನುವ ಜೀನ್, 'ಹೋಮೋಝೈಗಸ್' ಅಂತ ಇದೆ. ಡಾಕ್ಟರ್ ಎರಡು ನಿಮಿಷ ಮಾತಾಡಿ, 'ಹುಟ್ಟಿನಿಂದ ಬಂದಿದ್ದು' ಅಂದು ಕಳಿಸಿದರು.

ತೊಂದರೆ ಇರುವುದು ಮನೆಯಲ್ಲಿ. ಅಕ್ಕ ಮದುವೆಯಾಗಿದ್ದು ನಮ್ಮ ಸೋದರತ್ತೆಯ ಮಗನನ್ನು. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಇತ್ತಲ್ಲ, ಆ ಬೆಳಿಗ್ಗೆ ಅಕ್ಕ ಏಳು ತಿಂಗಳ ಬಸುರಿ. ಹಸಿದಿದ್ದ ದೊಡ್ಡ ಮಗಳಿಗೆ ಉಪ್ಪಿಟ್ಟು ಮಾಡಲು ಕೂತು ಬೀನ್ಸ್ ಹೆಚ್ಚಿದಳು. ಅತ್ತೆ ಅದನ್ನು ನೋಡಿದ್ದರು. ಇವತ್ತಿನವರೆಗೂ ಅತ್ತೆಯ ಬಾಯಲ್ಲಿ ಅದೇ ಮಾತು. 'ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ತಲೆ ಸರಿ ಇತ್ತು ತಾನೇ? ಆಮೇಲೆ ಕೆಟ್ಟಿದ್ದು ಹೇಗೆ?' ಅಂತ ಕೇಳುತ್ತಾರೆ. ಸ್ಕ್ಯಾನ್ ರಿಪೋರ್ಟ್ ನಾನೂ ನೋಡಿದ್ದೇನೆ, ನಿಜವಾಗಿಯೂ ಅಳತೆ ಸರಿಯಾಗಿದೆ. ಅದಕ್ಕೇ ಅಕ್ಕನಿಗೂ ಈಗ ಒಳಗೊಳಗೇ ಅನುಮಾನ. ಹೆಚ್ಚುವ ಮಣೆ ಹಿಡಿದರೆ ಕೈ ನಡುಗುತ್ತದೆ ಅನ್ನುತ್ತಾಳೆ.

ಜೀನ್ ಕಾರಣ ಅಂದರೆ ಅದು ಯಾವಾಗ, ಏನು ಮಾಡಿತು? ಐದನೇ ತಿಂಗಳವರೆಗೆ ಸುಮ್ನೆ ಇದ್ದು ಆಮೇಲೆ ಕೆಲಸ ಶುರು ಮಾಡಿತಾ?

ಸ್ಲೈಡ್ ರಂಗಣ್ಣ (ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ತುಮಕೂರು)

ನೋಡಿ ತಾಯಿ, ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಇಲಿ ಮರಿಗಳ ಮಿದುಳು ಕೊಯ್ದು ಸ್ಲೈಡ್ ಮಾಡಿದವನು. ನೀವು ಕೇಳಿದ ಜಾಗವನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ನಿಮ್ಮ ಅಕ್ಕನಿಗೆ ಇದನ್ನು ಹೇಳಿ. ಬೀನ್ಸ್ ಹೆಚ್ಚಿದ ಬೆಳಿಗ್ಗೆ ಬರುವ ಹೊತ್ತಿಗೆ ಇದರ ಬೀಜ ಬಿದ್ದು ತಿಂಗಳುಗಳೇ ಆಗಿದ್ದವು. ಹೇಗೆ ಅಂತ ಹೇಳುತ್ತೇನೆ.

ಹದಿನಾಲ್ಕು ದಿನದ ಇಲಿ ಭ್ರೂಣದ ಮಿದುಳು ಬಟಾಣಿ ಕಾಳಿಗಿಂತ ಚಿಕ್ಕದು. ಮುಟ್ಟಿದರೆ ಗಟ್ಟಿ ಮೊಸರಿನ ಹಾಗೆ. ಅದನ್ನು ಹೆಪ್ಪುಗಟ್ಟಿಸಿ, ಮಿಲಿಮೀಟರಿನ ಐವತ್ತನೇ ಒಂದು ಭಾಗದಷ್ಟು ತೆಳ್ಳಗೆ ಕೊಯ್ದು, ಸಣ್ಣ ಬ್ರಷ್ಷಿನಲ್ಲಿ ಎತ್ತಿ ಗಾಜಿನ ಮೇಲೆ ಕೂರಿಸುತ್ತಿದ್ದೆ. ಆಮೇಲೆ ನೇರಳೆ ಬಣ್ಣದಲ್ಲಿ ಅದ್ದುವುದು. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ನಡುವೆ ಒಂದು ಖಾಲಿ ಜಾಗ ಕಾಣುತ್ತದೆ. ಅದು ಮಿದುಳಿನ ಒಳಗಿನ ನೀರಿನ ಕೋಣೆ. ಆ ಕೋಣೆಯ ಗೋಡೆಗೆ ಅಂಟಿಕೊಂಡು ಒಂದು ದಟ್ಟ ನೇರಳೆ ಪಟ್ಟಿ. ನಮ್ಮ ಕಾರ್ಟೆಕ್ಸ್ ಅಂದರೆ ಮಿದುಳಿನ ಹೊರಪದರದಲ್ಲಿ ಇರುವ ಸುಮಾರು 1,600 ಕೋಟಿ ನರಕೋಶಗಳಲ್ಲಿ ಬಹುಪಾಲಿನ ತವರುಮನೆ ಇಂಥದ್ದೇ ಪಟ್ಟಿ. ಹೊಸದಾಗಿ ಸೇರಿದ ಹುಡುಗರನ್ನು ನಾನು ಮೊದಲು ಇದರ ಮುಂದೆಯೇ ಕೂರಿಸುತ್ತಿದ್ದೆ.

ಆ ಪಟ್ಟಿಯ ತಾಯಿಕೋಶಗಳು ಉದ್ದನೆಯವು, ತೆಳ್ಳಗಿನವು. ಬುಡ ನೀರಿನ ಕೋಣೆಯ ಗೋಡೆಯಲ್ಲಿ. ಮೇಲುಗಡೆ ಒಂದು ಎಳೆ ಹೊರಟು ಮಿದುಳಿನ ಹೊರ ಅಂಚು ಮುಟ್ಟುತ್ತದೆ. ಕೋಶ ಒಡೆದು ಎರಡಾಗುವ ಹೊತ್ತಿಗೆ ಅದರ ನ್ಯೂಕ್ಲಿಯಸ್ ಕೆಳಗಿಳಿದು ಗೋಡೆಯ ಅಂಚಿಗೆ ಬರುತ್ತದೆ. ಅಲ್ಲಿ ಒಡೆದು ಮತ್ತೆ ಮೇಲೇರುತ್ತದೆ. ಮುಂದಿನ ಸಲಕ್ಕೆ ಮತ್ತೆ ಇಳಿಯುತ್ತದೆ. ಅದಕ್ಕೇ ಸ್ಲೈಡಿನಲ್ಲಿ ಒಡೆಯುತ್ತಿರುವ ಕೋಶಗಳೆಲ್ಲ ಆ ಅಂಚಿನಲ್ಲೇ ಸಾಲಾಗಿ ಸಿಗುತ್ತವೆ.

ಮೊದಮೊದಲು ತಾಯಿಕೋಶ ಒಡೆದಾಗ ಎರಡು ತಾಯಿಕೋಶ ಆಗುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಕಾಲ ಅದು. ಆಮೇಲೆ ಲೆಕ್ಕ ಬದಲಾಗುತ್ತದೆ. ಒಡೆದಾಗ ಒಂದು ತಾಯಿಕೋಶವಾಗಿ ಉಳಿಯುತ್ತದೆ, ಇನ್ನೊಂದು ನರಕೋಶದ ದಾರಿ ಹಿಡಿಯುತ್ತದೆ. ಹೊಸ ನರಕೋಶ ತಾಯಿಕೋಶದ ಎಳೆಯನ್ನೇ ಹಿಡಿದು ಮೇಲೆ ಹತ್ತುತ್ತದೆ, ತೆಂಗಿನ ಮರ ಹತ್ತಿದ ಹಾಗೆ. ಮೊದಲು ಬಂದವರು ಕೆಳಗಿನ ಪದರದಲ್ಲಿ ಕೂರುತ್ತಾರೆ, ಆಮೇಲೆ ಬಂದವರು ಅವರನ್ನು ದಾಟಿ ಮೇಲೆ ಹೋಗುತ್ತಾರೆ.

ಈಗ ನಿಮ್ಮ ಎಎಸ್‌ಪಿಎಂಗೆ ಬರುತ್ತೇನೆ. ಕೋಶ ಒಡೆಯುವಾಗ ಕ್ರೋಮೋಸೋಮುಗಳನ್ನು ಎರಡು ಕಡೆಗೆ ಎಳೆಯಲು ಒಳಗೆ ಎಳೆಗಳ ಒಂದು ಕದಿರು (ನೂಲುವ ಕದಿರಿನ ಆಕಾರದ್ದು) ಕಟ್ಟಿಕೊಳ್ಳುತ್ತದೆ. ಎಎಸ್‌ಪಿಎಂ ಪ್ರೋಟೀನ್ ಇರುವುದು ಆ ಕದಿರಿನ ಎರಡು ತುದಿಗಳಲ್ಲಿ. ಕದಿರು ನೆಟ್ಟಗೆ ಕೂತರೆ ಕೋಶ ಬುಡದಿಂದ ತುದಿಯವರೆಗೆ ಸರಿಯಾಗಿ ಎರಡು ಸೀಳಾಗುತ್ತದೆ.

ನಮ್ಮೂರಿನಲ್ಲಿ ಮೇದಾರರ ಬೀದಿ ನಮ್ಮ ಮನೆಯ ಹಿಂದೆಯೇ ಇತ್ತು. ಬುಟ್ಟಿಗೆ ಬಿದಿರು ಸೀಳುವುದನ್ನು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಿದ್ದೆ. ಕತ್ತಿ ಬಿದಿರಿನ ನಡುವಿಗೇ ಇಳಿಯಬೇಕು. ಒಂಚೂರು ವಾಲಿದರೆ ಒಂದು ಸೀಳು ದಪ್ಪ, ಇನ್ನೊಂದು ತುದಿ ಮುಟ್ಟುವ ಮೊದಲೇ ತೆಳುವಾಗಿ ಹರಿದು ಹೋಗುತ್ತದೆ. ಈ ತಾಯಿಕೋಶಗಳ ವಿಷಯದಲ್ಲೂ ಹಾಗೇ. ಇವುಗಳ ಬುಡ ತೀರಾ ಸಣ್ಣದು. ಸೀಳು ಸ್ವಲ್ಪ ಓರೆಯಾದರೂ ಬುಡವೆಲ್ಲ ಒಂದೇ ಮರಿಕೋಶದ ಪಾಲಿಗೆ ಬೀಳುತ್ತದೆ. ಬುಡ ಸಿಗದ ಕೋಶ ತಾಯಿಯಾಗಿ ಉಳಿಯುವುದಿಲ್ಲ, ಬೇಗ ನರಕೋಶದ ದಾರಿ ಹಿಡಿದುಬಿಡುತ್ತದೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಹುಟ್ನರ್ ಅವರ ತಂಡ 2006ರಲ್ಲಿ ಇಲಿ ಭ್ರೂಣಗಳಲ್ಲಿ ಈ ಪ್ರೋಟೀನ್ ಕಡಿಮೆ ಮಾಡಿ ಇದನ್ನೇ ತೋರಿಸಿತು. ಎಎಸ್‌ಪಿಎಂ ಇಲ್ಲದಿದ್ದರೆ ಸಮಪಾಲಾಗಿ ಒಡೆಯುವುದು ತಪ್ಪುತ್ತದೆ.

ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಬಿ.ಕಾಂ. ಓದಿದ ನಿಮಗೆ ಲೆಕ್ಕವೇ ಸಾಕು. ಒಂದು ಕೋಶ ಹತ್ತು ಸಲ ಎರಡಾದರೆ 1,024. ಒಂಬತ್ತೇ ಸಲ ಆದರೆ 512. ಒಂದು ಸುತ್ತು ತಪ್ಪಿದ್ದಕ್ಕೆ ಅರ್ಧಕ್ಕರ್ಧ ಹೋಯಿತು. ನಿಮ್ಮ ಮಗುವಿನಲ್ಲಿ ಇಂತಿಷ್ಟೇ ಸುತ್ತು ತಪ್ಪಿದೆ ಅಂತ ನಾನು ಹೇಳುತ್ತಿಲ್ಲ. ಮೊದಲಿನ ಸಣ್ಣ ಕೊರತೆ ಕೊನೆಗೆ ಎಷ್ಟು ದೊಡ್ಡದಾಗುತ್ತದೆ ಅಂತ ತೋರಿಸಲು ಹೇಳಿದೆ. ಇಲಿಯಲ್ಲಿ ಕಾರ್ಟೆಕ್ಸ್ ಕಟ್ಟುವ ಆರು ದಿನದಲ್ಲಿ ಇಂಥ 11 ಸುತ್ತು ನಡೆಯುತ್ತದೆ. ಮಕಾಕ್ ಮಂಗದಲ್ಲಿ ಸುಮಾರು ಎರಡು ತಿಂಗಳಲ್ಲಿ ಕನಿಷ್ಠ 28. ಹಾಗಾಗಿ ದೊಡ್ಡ ಮಿದುಳಿಗೆ ಪೆಟ್ಟು ಜಾಸ್ತಿ. ಈ ಜೀನ್ ಕೆಡಿಸಿದ ಇಲಿಯ ಮಿದುಳು ಸ್ವಲ್ಪವೇ ಚಿಕ್ಕದಾಗುತ್ತದೆ. 2018ರಲ್ಲಿ ಅಮೆರಿಕದಲ್ಲಿ ಫೆರೆಟ್ ಅನ್ನುವ ಪ್ರಾಣಿಯಲ್ಲಿ ಇದೇ ಜೀನ್ ಕೆಡಿಸಿದಾಗ ಕೆಲವು ಮಿದುಳುಗಳ ತೂಕ ಶೇಕಡಾ 40ರವರೆಗೂ ಇಳಿದಿತ್ತು. ಇಲಿಯ ಕಾರ್ಟೆಕ್ಸ್ ನುಣುಪು, ಫೆರೆಟ್‌ದು ನಮ್ಮ ಹಾಗೆ ಮಡಿಕೆ ಮಡಿಕೆ.

ಈಗ ಸ್ಕ್ಯಾನ್ ವಿಷಯ. ಮನುಷ್ಯರಲ್ಲಿ ಈ ತಾಯಿಕೋಶಗಳು ದುಪ್ಪಟ್ಟಾಗುವ ಕೆಲಸ ಗರ್ಭ ಕಟ್ಟಿದ ಎರಡನೇ ತಿಂಗಳಲ್ಲೇ ಜೋರಾಗಿ ನಡೆಯುತ್ತದೆ. ಆಗ ಬಿದ್ದ ಕೊರತೆ ಐದನೇ ತಿಂಗಳ ಅಳತೆಗೆ ಸಿಗುವುದೇ ಕಷ್ಟ. ಏಕೆಂದರೆ ಆ ಹೊತ್ತಿಗೆ ಕಾರ್ಟೆಕ್ಸ್ ಇನ್ನೂ ತೆಳು ಹಾಳೆ, ಹೆಚ್ಚುಕಡಿಮೆ ನುಣುಪು. ಅದು ಹರಡಿ, ದಪ್ಪವಾಗಿ, ಮಡಿಕೆ ಬೀಳುವುದು ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. ರಾಗಿ ಒಟ್ಲಲ್ಲಿ ಸಸಿ ಕಡಿಮೆ ಎದ್ದಿದ್ದರೆ ನಾಟಿ ಮಾಡಿದ ವಾರ ಹೊಲ ನೋಡಿ ಯಾರಿಗೂ ತಿಳಿಯುವುದಿಲ್ಲ ಅಲ್ವಾ? ಪೈರು ಕೂಡಿಕೊಳ್ಳುವ ಹೊತ್ತಿಗೆ ನಡುನಡುವೆ ನೆಲ ಕಾಣುತ್ತದೆ. ಇಂಥ ಮಕ್ಕಳಲ್ಲಿ ಐದನೇ ತಿಂಗಳ ಸ್ಕ್ಯಾನ್ ಸರಿ ಇದ್ದು, ಏಳೆಂಟನೇ ತಿಂಗಳಲ್ಲಿ ತಲೆ ಹಿಂದೆ ಬೀಳುವುದೇ ಸಾಮಾನ್ಯ. ಆ ರಿಪೋರ್ಟ್ ಸುಳ್ಳು ಹೇಳಿಲ್ಲ. ನಿಮ್ಮ ಅಕ್ಕನೂ ಏನೂ ಮಾಡಿಲ್ಲ.

ಬಾಗಲಕೋಟೆ ಅಮ್ಮ

ತಂಗಿ, ನನ್ನ ಮಗನಿಗೂ ಇದೇ ಜೀನ್. ಈಗ ಹದಿನಾಲ್ಕು ವರ್ಷ. ನನ್ನನ್ನು ಅಂದಿದ್ದು ಗ್ರಹಣಕ್ಕಲ್ಲ, ಪಪ್ಪಾಯಿ ತಿಂದಿದ್ದಕ್ಕೆ. ನನಗೂ ಯಾರಾದರೂ ಹೀಗೆ ಬಿದಿರು ಸೀಳಿ ತೋರಿಸಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ನಿಮ್ಮ ಅಕ್ಕನಿಗೆ ಕೆಲಸಕ್ಕೆ ಬರುವ ಒಂದು ಮಾತು. ಸ್ಪೀಚ್ ಥೆರಪಿ ಬಿಡಬೇಡಿ. ನನ್ನ ಮಗ ಆರು ವರ್ಷಕ್ಕೆ ಹತ್ತು ಪದ ಆಡುತ್ತಿದ್ದ. ಈಗ ಸಣ್ಣ ಸಣ್ಣ ವಾಕ್ಯ ಹೇಳುತ್ತಾನೆ. ಲೆಕ್ಕ ಬರುವುದಿಲ್ಲ. ಆದರೆ ಸಂಜೆ ಐದಕ್ಕೆ ಎಮ್ಮೆಗೆ ನೀರು ಕುಡಿಸುವುದನ್ನು ಒಂದು ದಿನವೂ ಮರೆತಿಲ್ಲ. ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ಕಲಿಸಿದರೆ ಹಿಡಿಯುತ್ತಾನೆ. ನಾನು ಅವನ ಬಟ್ಟೆಯನ್ನು ಮೂರು ಬಣ್ಣದ ಬುಟ್ಟಿಯಲ್ಲಿ ಇಡುತ್ತೇನೆ. ಶಾಲೆ ಬಟ್ಟೆ ಕೆಂಪು ಬುಟ್ಟಿ. ತಾನೇ ತೆಗೆದು ಹಾಕಿಕೊಳ್ಳುತ್ತಾನೆ. ಫಿಟ್ಸ್ ಬರುತ್ತದೆಯಾ ಅಂತ ಮಾತ್ರ ಗಮನ ಇಡಿ. ಕೆಲವು ಮಕ್ಕಳಿಗೆ ಬರುತ್ತದೆ, ನನ್ನವನಿಗೆ ಬಂದಿಲ್ಲ.

ಹೊಸದುರ್ಗದ ಚಿಕ್ಕಮ್ಮ

ರಂಗಣ್ಣನವರೇ, ಅಮ್ಮಾ, ಇಬ್ಬರಿಗೂ ಏನು ಹೇಳಬೇಕೋ ತಿಳಿಯುತ್ತಿಲ್ಲ. ಎರಡು ಸಲ ಓದಿದೆ. ಇವತ್ತು ಸಂಜೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ.

ಇನ್ನೆರಡು ಪ್ರಶ್ನೆ ಇದೆ. ಒಂದು, ಮಾತು ಬರುತ್ತಿಲ್ಲ ಅಂದರೆ ಮಾತಿನ ಭಾಗವೇ ಅವನ ಮಿದುಳಿನಲ್ಲಿ ಹುಟ್ಟಿಲ್ಲವಾ? ಅಕ್ಕ ಇದನ್ನು ಕೇಳಿ ಕೇಳಿ ಅಳುತ್ತಾಳೆ.

ಎರಡನೆಯದನ್ನು ಮೊದಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ಅತ್ತೆ ತನ್ನ ಎರಡನೇ ಮಗನಿಗೆ ನನ್ನನ್ನು ಕೇಳುತ್ತಿದ್ದಾರೆ. ಭಾವನ ತಮ್ಮ. ಒಳ್ಳೆಯವನು, ನನಗೂ ಇಷ್ಟ. ಅಕ್ಕನಿಗೆ ಆಗಿದ್ದು ನನಗೂ ಆಗುತ್ತದಾ?

ಸ್ಲೈಡ್ ರಂಗಣ್ಣ (ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ತುಮಕೂರು)

ಮದುವೆಯ ಪ್ರಶ್ನೆಗೆ ಅದನ್ನೇ ಓದಿದವರು ಉತ್ತರ ಹೇಳಲಿ. ಮೊದಲನೆಯದನ್ನು ನಾನು ಹೇಳುತ್ತೇನೆ.

ಎಷ್ಟು ಕೋಶ ಆಗಬೇಕು ಅನ್ನುವುದು ಒಂದು ಕೆಲಸ. ಯಾವ ಜಾಗ ಯಾವುದಕ್ಕೆ ಅನ್ನುವುದು ಬೇರೆ ಕೆಲಸ, ಅದಕ್ಕೆ ಬೇರೆ ಜೀನುಗಳಿವೆ. ಮಿದುಳಿನ ಮುಂದಿನ ತುದಿಯಿಂದ ಎಫ್‌ಜಿಎಫ್8 ಅನ್ನುವ ಪ್ರೋಟೀನ್ ಒಸರುತ್ತದೆ. ಮುಂದೆ ದಟ್ಟ, ಹಿಂದಕ್ಕೆ ಹೋದ ಹಾಗೆ ತೆಳು. ಪ್ಯಾಕ್ಸ್6 ಜೀನ್ ಮುಂದುಗಡೆ ಜಾಸ್ತಿ ಕೆಲಸ ಮಾಡುತ್ತದೆ, ಇಎಂಎಕ್ಸ್2 ಹಿಂದುಗಡೆ ಜಾಸ್ತಿ. ಒಂದೊಂದು ಕೋಶವೂ ತಾನಿರುವ ಕಡೆ ಇವು ಎಷ್ಟೆಷ್ಟಿವೆ ಅನ್ನುವುದರ ಮೇಲೆ ತನ್ನ ಜಾಗ ತಿಳಿಯುತ್ತದೆ. 2001ರಲ್ಲಿ ಷಿಕಾಗೋದಲ್ಲಿ ಫುಕುಚಿ-ಶಿಮೊಗೊರಿ ಮತ್ತು ಗ್ರೋವ್ ಇಲಿ ಭ್ರೂಣದ ಮಿದುಳಿನ ಹಿಂಭಾಗದಲ್ಲೂ ಎಫ್‌ಜಿಎಫ್8 ಹಾಕಿದರು. ಇಲಿಗೆ ಮೀಸೆಯ ಒಂದೊಂದು ಕೂದಲಿಗೂ ಕಾರ್ಟೆಕ್ಸಿನಲ್ಲಿ ಒಂದೊಂದು ಚುಕ್ಕೆ ಜಾಗ ಇರುತ್ತದೆ. ಅಲ್ಲಿ ಆ ಚುಕ್ಕೆಗಳ ಎರಡನೇ ಗುಂಪು ಮೂಡಿತು! ಆ ಚಿತ್ರವನ್ನು ಮೊದಲ ಸಲ ನೋಡಿದ ದಿನ ನಾನು ಟೀ ಕುಡಿಯುವುದನ್ನೂ ಮರೆತಿದ್ದೆ.

ನಿಮ್ಮ ಮಗುವಿನಲ್ಲಿ ಕೆಟ್ಟಿರುವುದು ಈ ಜೀನುಗಳಲ್ಲ. ರಾಜ್ಯದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದರೂ ಚಿಕ್ಕ ಹಾಳೆಯಲ್ಲಿ ಬರೆದರೂ ಜಿಲ್ಲೆಗಳೆಲ್ಲ ಇರುತ್ತವೆ. ಅವನ ಹಾಳೆ ಚಿಕ್ಕದು. ಮಾತಿನ ಜಾಗ ಇದೆ, ಅಲ್ಲಿ ಕೋಶಗಳು ಕಡಿಮೆ. ಎಂಆರ್‌ಐನಲ್ಲಿ ರಚನೆ ಸರಿಯಿದೆ ಅಂತ ಬರೆದಿರುವುದಕ್ಕೂ ಇದು ಕೂಡುತ್ತದೆ. ನರಕೋಶ ಹತ್ತಿ ತನ್ನ ಪದರ ಸೇರುವುದೇ ತಪ್ಪುವ ಬೇರೆ ಕಾಯಿಲೆಗಳಿವೆ, ಎಲ್ಐಎಸ್1, ಡಿಸಿಎಕ್ಸ್ ಜೀನುಗಳಲ್ಲಿ ಬರುವಂಥವು. ಅವುಗಳಲ್ಲಿ ಮಿದುಳು ನುಣ್ಣಗೆ ಕಾಣುತ್ತದೆ, ತೊಂದರೆ ಇನ್ನೂ ಹೆಚ್ಚು. ನಿಮ್ಮ ಮಗುವಿಗೆ ಇರುವುದು ಅದಲ್ಲ. ಬಾಗಲಕೋಟೆ ಅಮ್ಮ ಹೇಳಿದ ಹಾಗೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗಿ, ಕಲಿಯಲು ಅಲ್ಲಿ ಜಾಗವಿದೆ.

ಕೌನ್ಸೆಲರ್, ಮಂಗಳೂರು

ಮದುವೆ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಜೆನೆಟಿಕ್ ಕೌನ್ಸೆಲಿಂಗ್ ನನ್ನ ಕೆಲಸ.

ಪ್ರತಿ ಜೀನೂ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಎಎಸ್‌ಪಿಎಂನಲ್ಲಿ ಒಂದು ಪ್ರತಿ ಸರಿ ಇದ್ದರೆ ಸಾಕು, ತಲೆ ಸರಿಯಾಗಿಯೇ ಬೆಳೆಯುತ್ತದೆ. 'ಹೋಮೋಝೈಗಸ್' ಅಂದರೆ ಮಗುವಿಗೆ ಎರಡೂ ಕಡೆಯಿಂದ ಒಂದೇ ತಪ್ಪಿರುವ ಪ್ರತಿ ಬಂದಿದೆ. ನಿಮ್ಮ ಅಪ್ಪನೂ ಸೋದರತ್ತೆಯೂ ಒಡಹುಟ್ಟಿದವರು. ಹಾಗಾಗಿ ಆ ತಪ್ಪು ಹೆಚ್ಚಾಗಿ ನಿಮ್ಮ ಅಜ್ಜ ಅಥವಾ ಅಜ್ಜಿಯಲ್ಲಿ ಒಬ್ಬರಲ್ಲಿತ್ತು. ಅಲ್ಲಿಂದ ನಿಮ್ಮ ಅಪ್ಪನ ಮೂಲಕ ಅಕ್ಕನಿಗೆ, ಅತ್ತೆಯ ಮೂಲಕ ಭಾವನಿಗೆ ಬಂತು. ಹೊತ್ತುಕೊಂಡಿದ್ದ ಯಾರಿಗೂ ಏನೂ ತೊಂದರೆ ಆಗಲಿಲ್ಲ, ಗೊತ್ತಾಗಲೂ ಇಲ್ಲ.

ಇದೇ ಲೆಕ್ಕದಲ್ಲಿ ನಿಮ್ಮಲ್ಲಿ ಅದು ಇರುವ ಸಾಧ್ಯತೆ ಅರ್ಧ. ಭಾವನ ತಮ್ಮನಲ್ಲೂ ಅರ್ಧ. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಟೆಸ್ಟ್ ಮಾಡದೆ ಇವತ್ತು ಹೇಳುವುದಾದರೆ 16ರಲ್ಲಿ ಒಂದು. ಆದರೆ ಅಂದಾಜಿನ ಮೇಲೆ ಕೂರುವ ಅಗತ್ಯವೇ ಇಲ್ಲ. ಮಗುವಿನ ರಿಪೋರ್ಟಿನಲ್ಲಿ ಜೀನಿನ ಯಾವ ಅಕ್ಷರ ಬದಲಾಗಿದೆ ಅಂತ ಇದೆ. ಅದೊಂದನ್ನೇ ನಿಮ್ಮಿಬ್ಬರ ರಕ್ತದಲ್ಲಿ ನೋಡಿದರೆ ಸಾಕು, ಪೂರ್ತಿ ಟೆಸ್ಟಿನಷ್ಟು ಖರ್ಚಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದರೂ ಈ ಕಾಯಿಲೆಯ ಭಯ ಇರುವುದಿಲ್ಲ. ಸಂಬಂಧದೊಳಗಿನ ಮದುವೆಯಲ್ಲಿ ಬೇರೆ ಜೀನುಗಳ ವಿಷಯವೂ ಇರುತ್ತದೆ, ಅದನ್ನು ಕೂತು ಮಾತಾಡಬೇಕು. ಅಕ್ಕನಿಗೆ ಇನ್ನೊಂದು ಮಗು ಬೇಕಿದ್ದರೆ 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆದು ನೋಡುವ ದಾರಿ ಇದೆ. ಗರ್ಭ ನಿಲ್ಲುವ ಮೊದಲೇ ಬಂದು ಕೇಳಲಿ.

ಇನ್ನೊಂದು ವಿಷಯ ಹೇಳಲೇಬೇಕು. ಈ ಜೀನನ್ನು 2002ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಗುರುತಿಸಿದರು. ನೆರವಾದದ್ದು ಪಾಕಿಸ್ತಾನ ಮೂಲದ, ಸಂಬಂಧದೊಳಗೇ ಮದುವೆಯಾಗುತ್ತಿದ್ದ ಕುಟುಂಬಗಳು. ನಮ್ಮ ಬೆಂಗಳೂರಿನಲ್ಲೂ ಐಐಎಸ್‌ಸಿ ಮತ್ತು ನಿಮ್ಹಾನ್ಸ್‌ನವರು ಸೇರಿ ಇಂಥ ಮಕ್ಕಳಿರುವ ಭಾರತದ ಕುಟುಂಬಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಎಸ್‌ಟಿಐಎಲ್ ಅನ್ನುವ ಇನ್ನೊಂದು ಜೀನ್ ಕೆಟ್ಟರೂ ಹೀಗೇ ಆಗುತ್ತದೆ ಅಂತ 2009ರಲ್ಲಿ ಅವರೇ ಕಂಡುಹಿಡಿದರು. ಅದೂ ಕೋಶ ಒಡೆಯುವಾಗ ಕದಿರಿನ ತುದಿಯಲ್ಲೇ ಕೆಲಸ ಮಾಡುವಂಥದ್ದು. ನಿಮ್ಮ ಅಕ್ಕನ ಹಾಗೆ ಮಾತು ಕೇಳಿಸಿಕೊಂಡ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಬಂದು ರಕ್ತ ಕೊಟ್ಟಿದ್ದರಿಂದಲೇ ಇವತ್ತು ನಿಮ್ಮ ರಿಪೋರ್ಟಿನಲ್ಲಿ ಒಂದು ಹೆಸರು ಬರೆಯಲು ಆಗಿದೆ.

ಹೊಸದುರ್ಗದ ಚಿಕ್ಕಮ್ಮ

ನಿನ್ನೆ ಅಕ್ಕನ ಮನೆಯಲ್ಲೇ ಉಳಿದೆ. ಊಟ ಆದ ಮೇಲೆ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಭಾವ ಇದ್ದರು, ಅತ್ತೆಯೂ ಬಾಗಿಲ ಹತ್ತಿರ ಕೂತಿದ್ದರು. ಅಜ್ಜ-ಅಜ್ಜಿ ವಿಷಯ ಬಂದಾಗ ಅತ್ತೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ವಾಪಸ್ ಬಂದು, 'ನನ್ನಿಂದಲೂ ಬಂತಾ?' ಅಂತ ಕೇಳಿದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಕ್ಕ ಅವರ ಕೈ ಹಿಡಿದುಕೊಂಡು, 'ಯಾರಿಗೂ ಗೊತ್ತಿರಲಿಲ್ಲ ಅತ್ತೆ' ಅಂದಳು.

ನಾನೂ ಅವನೂ ಸೋಮವಾರ ರಕ್ತ ಕೊಡಲು ದಾವಣಗೆರೆಗೆ ಹೋಗುತ್ತೇವೆ. ಮಾತು ಮುಂದುವರಿಸುವುದು ಅದಾದ ಮೇಲೆ ಅಂತ ಎಲ್ಲರೂ ಒಪ್ಪಿದ್ದಾರೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಕ್ಕ ಬೀರುವಿನಿಂದ ತಾಯಿ ಕಾರ್ಡ್ ತೆಗೆದಳು. ಅದರಲ್ಲಿ ಕೊನೆಯ ಮುಟ್ಟಿನ ದಿನ 2019ರ ಮೇ 30 ಅಂತ ಇದೆ. ರಂಗಣ್ಣನವರು ಬರೆದ ಎರಡನೇ ತಿಂಗಳು ಯಾವಾಗ ಬಂತು ಅಂತ ಬೆರಳು ಮಡಚಿ ಎಣಿಸಿದಳು. ಜುಲೈ ನಡುವಿಂದ ಆಗಸ್ಟ್ ನಡುವಿನವರೆಗೆ. 'ಆಷಾಢ ಕಳೆದು ಶ್ರಾವಣ. ಆಗಿನ್ನೂ ನಾನು ಇವರೊಬ್ಬರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ' ಅಂದಳು. ಮತ್ತೊಂದು ಸಲ ಎಣಿಸಿದಳು, ಆಗಸ್ಟಿನಿಂದ ಡಿಸೆಂಬರಿನವರೆಗೆ. ನಾಲ್ಕು ಬೆರಳು ಮಡಚಿ ಹಾಗೇ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದಳು. ಆಮೇಲೆ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಒಳಗಿಟ್ಟು ದೀಪ ಆರಿಸಿದಳು.

ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಮಗ ಪಕ್ಕದಲ್ಲಿ ಕೂತು ತುದಿ ಮುರಿದು ಕೊಡುತ್ತಿದ್ದ.